ಮೊದಲೇ ಬರೆದ ಅಂಕಿ

ಕಾರ್ಖಾನೆಯ ಪರೀಕ್ಷಾ ಮೇಜಿನ ಮೇಲೆ ಮೀಟರಿನ ಕೊನೆಯ ಅಂಕಿ ಇನ್ನೂ ಕುಣಿಯುತ್ತಿರುವಾಗಲೇ ಅವಳು ರಿಜಿಸ್ಟರಿನಲ್ಲಿ 2.503 ಎಂದು ಬರೆದುಬಿಟ್ಟಳು. ಕೊಟ್ಟ ಅಂಕಿಗೆ ತಕ್ಕ ವೋಲ್ಟೇಜು ಹೊರಡಿಸುವ ಈ ಎಲೆಕ್ಟ್ರಾನಿಕ್ ಚಿಪ್ಪುಗಳು ಆಸ್ಪತ್ರೆಯ ಔಷಧಿ ಪಂಪುಗಳಿಗೆ ಹೋಗುವಂಥವು. ಒಂದೊಂದಕ್ಕೂ ಹತ್ತು ಸೆಕೆಂಡು ಕಾದೇ ಬರೆಯಬೇಕು.

“ಬೇಗ ಮುಗಿಸಮ್ಮ, ಲಾರಿ ಬಾಗಿಲಿಗೆ ಬಂದು ನಿಂತಿದೆ,” ಎಂದರು ಸೂಪರ್‌ವೈಸರ್.

“ಅಂಕಿ ನಿಲ್ಲೋಕೆ ಬಿಡ್ಬೇಕಲ್ಲ ಸಾರ್?”

“ನಿನ್ನ ಕಣ್ಣಂದಾಜು ಎಲ್ಲಿ ತಪ್ಪುತ್ತೆ, ಬರೀತಾ ಹೋಗು!”

ತಪ್ಪಲಿಲ್ಲ. ಪ್ರತಿ ಸಲವೂ ಮೀಟರು ಅವಳು ಮೊದಲೇ ಬರೆದ ಅಂಕಿಗೇ ಬಂದು ನಿಂತಿತು. ಮೂವತ್ತು ಚಿಪ್ಪುಗಳಲ್ಲಿ ಒಂದೂ ಕೂದಲೆಳೆಯಷ್ಟು ಆಚೀಚೆ ಆಗಲಿಲ್ಲ. ಚಿಪ್ಪುಗಳ ಪೆಟ್ಟಿಗೆಯನ್ನು ಸೂಪರ್‌ವೈಸರ್ ಖುಷಿಯಿಂದ ಲಾರಿಯತ್ತ ಎತ್ತಿಕೊಂಡು ಹೋದರು. ಮೂವತ್ತೂ ಇಷ್ಟು ಕರಾರುವಾಕ್ಕಾಗಿ ಬಂದದ್ದನ್ನು ಅವಳಿಗೆ ಮಾತ್ರ ನಂಬಲಾಗಲಿಲ್ಲ.

ಮೀಟರಿಗೆ ಜೋಡಿಸಿದ ಸಾಕೆಟ್ಟಿಗೆ ಯಾವ ಚಿಪ್ಪನ್ನೂ ಸಿಕ್ಕಿಸದೆ, ಬೇಕೆಂದೇ 7.777 ಎಂದು ಬರೆದಳು.

ಖಾಲಿ ಸಾಕೆಟ್ಟಿನ ಮೀಟರು ಸೊನ್ನೆಯಿಂದ ಮೆಲ್ಲಗೆ ಏರಿ, 7.777ಕ್ಕೆ ಬಂದು ನಿಂತಿತು. ಹೊರಗೆ ಲಾರಿ ಹೊರಟ ಸದ್ದಾಯಿತು.