ಬೊಹ್ದಾನಾ

ಮೊಮ್ಮಗಳ ಕಿವಿಯಲ್ಲಿ ಹೆಸರು ಹೇಳಲು ತೊಟ್ಟಿಲಿಗೆ ಬಗ್ಗಿದ ಸಾಕಮ್ಮ ಅರ್ಧಕ್ಕೇ ನಿಂತರು. “ಬೊಹ್ದಾನಾ! ಇದೂ ಒಂದು ಹೆಸರೇನೋ ಗಿರಿ? ನಾಲಿಗೆನೇ ಹೊರಳಲ್ಲ.”

“ಅಮ್ಮಾ, ಒಂದು ವಾರದಿಂದ ಇದೇ ಆಯ್ತು. ಬರ್ತ್ ಸರ್ಟಿಫಿಕೇಟೂ ಬಂದಾಯ್ತು,” ಎಂದು ಮಗ ಗಿರಿಧರ್ ರೇಗಿದ. ವಿದೇಶದಲ್ಲಿ, ಜುರಾಂಗ್ ಈಸ್ಟಿನ ಅವನ ಫ್ಲಾಟಿಗೆ ನಾಮಕರಣದ ಊಟಕ್ಕೆಂದು ಬಂದವರೆಲ್ಲ ಫೋನ್ ನೋಡತೊಡಗಿದರು.

“ಅರ್ಥನಾದ್ರೂ ಇದೆಯೇನೋ ಇದಕ್ಕೆ?”

ಜೆಕ್ ಸೊಸೆ ಯಾನಾ ತಾನು ಕಲಿತಿದ್ದ ಕನ್ನಡದಲ್ಲಿ ಒಂದೊಂದೇ ಮಾತು ಜೋಡಿಸಿದಳು. “ದೇವರು ಕೊಟ್ಟವಳು ಅಂತ, ಅತ್ತೆ. ನಮ್ಮಜ್ಜಿ ಹೆಸರು. ನಾಲ್ಕು ಹೆಣ್ಣು ಆದ್ಮೇಲೆ ಐದನೇದೂ ಹೆಣ್ಣು. ಅವರಪ್ಪ ಖುಷಿಯಾಗಿ ಇಟ್ಟಿದ್ದು.”

ಸಾಕಮ್ಮನ ಕೈ ತೊಟ್ಟಿಲ ಅಂಚನ್ನು ಹಿಡಿದುಕೊಂಡಿತು. ತಮ್ಮ ಮನೆಯಲ್ಲಿ ಅವರೂ ಐದನೆಯ ಹೆಣ್ಣೇ. ಹೆಣ್ಣು ಇನ್ನು ಸಾಕೆಂದು ಅವರಪ್ಪ ಅವರಿಗೆ ಸಾಕಮ್ಮ ಎಂದು ಹೆಸರಿಟ್ಟಿದ್ದರು.

“ಇನ್ನೊಂದ್ಸಲ ಹೇಳಮ್ಮ, ನಿಧಾನಕ್ಕೆ,” ಎಂದು ಸೊಸೆಯ ತುಟಿಯನ್ನೇ ನೋಡಿದರು. ಆಮೇಲೆ ಬಗ್ಗಿ ಮಗುವಿನ ಕಿವಿಯಲ್ಲಿ ಹೇಳಿದರು. ಮತ್ತೆ ಮತ್ತೆ ಹೇಳಿದರು.

“ಮೂರು ಸಲ ಆಯ್ತಮ್ಮಾ, ಮೇಲೇಳು!” ಗಿರಿಧರ್ ಮತ್ತೆ ರೇಗಿದ.

ಅವರು ಏಳಲಿಲ್ಲ. ಇನ್ನೂ ಹೇಳುತ್ತಲೇ ಇದ್ದರು.