ಹೆಗಲ ಮೇಲಿನ ಹರಕು

ಮಾದೇವಿ ಹೊಸ ಸೀರೆ ಉಟ್ಟು, ತಲೆತುಂಬ ಅಬ್ಬಲಿಗೆ ಮುಡಿದು, ಬೀಗಿತ್ತಿ ಲಕ್ಕಿಯನ್ನೂ ಜೊತೆಗೆ ಕರೆದುಕೊಂಡು, ತನ್ನದೇ ಚಿತ್ರ ನೋಡಲು ಕುಮಟೆಯ ಸಭಾಭವನಕ್ಕೆ ಬಂದೇಬಿಟ್ಟಳು. ಬಾಗಿಲಲ್ಲಿ ಅವಳನ್ನು ಕಂಡದ್ದೇ ಮಾಲಿನಿ ಗಾಬರಿಯಿಂದ ಎದ್ದು ನಿಂತಳು. ತಾನು ಬರೆದ ಚಿತ್ರಗಳ ಪ್ರದರ್ಶನಕ್ಕೆ ಊರಿಗೆಲ್ಲ ಹೇಳಿದ್ದಳು, ಇವಳೊಬ್ಬಳಿಗೆ ಹೇಳಿರಲಿಲ್ಲ.

"ಅಕ್ಕೋರೆ, ನನ್ನ ಪಟ ಎಲ್ಲಿ ಹಾಕೀರಿ? ಪೇಟೇಲಿ ಎಲ್ಲಾ ಅದೇ ಮಾತು. ನಮ್ಮ ಬೀಗಿತ್ತಿ ಮಾತ್ರ ನಂಬೂದೇ ಇಲ್ಲ!"

ಮಾಲಿನಿಗೆ ಚಿತ್ರದ ಹುಚ್ಚು ಲಂಗ ತೊಡುವ ಕಾಲದ್ದು. ಮಾಸ್ತರಿಕೆ, ಸಂಸಾರ ಎಂದು ಅದು ಕರಿಹಲಗೆಯ ಬಣ್ಣದ ಸೀಮೆಸುಣ್ಣಕ್ಕಷ್ಟೇ ಉಳಿದಿತ್ತು. ನಿವೃತ್ತಿಯಾದದ್ದೇ ತಡ, ಹೊಳನಗದ್ದೆಯ ಮನೆಯ ಜಗಲಿಯಲ್ಲಿ ಕ್ಯಾನ್ವಾಸು ನಿಂತಿತು. ಅಂಗಳದ ಹುಲ್ಲು ಕೀಳಲು ಬರುವ ಮಾದೇವಿ ಕಂಬಕ್ಕೊರಗಿ ಚಾ ಕುಡಿಯುವುದನ್ನು ಬರೆಯುವಾಗಲಂತೂ ಮಾಲಿನಿಗೆ ಊಟದ ನೆನಪೂ ಇರಲಿಲ್ಲ. "ನಾ ಎಂತ ಚಂದ ಅಂತ ಬರೀತ್ರಿ?" ಎಂದು ನಾಚಿ ಕೂತಿದ್ದ ಮಾದೇವಿಗೆ ಮುಗಿದ ಚಿತ್ರವನ್ನು ತೋರಿಸಿರಲಿಲ್ಲ.

ಈಗ ಅದರ ಮುಂದೆ ಕನ್ನಡಕದ ಅತಿಥಿಯೊಬ್ಬರು ಜೊತೆಯವರಿಗೆ ವಿವರಿಸುತ್ತಿದ್ದರು. "ಆ ಹೆಗಲ ಮೇಲಿನ ಹರಕು ನೋಡಿ. ಇಡೀ ಚಿತ್ರದ ಜೀವವೇ ಅಲ್ಲಿದೆ." ಬೆಳಗಿನಿಂದ ಇಂಥದ್ದೇ ಮಾತು ಕೇಳಿ ಉಬ್ಬಿಹೋಗಿದ್ದ ಮಾಲಿನಿಗೆ ಈಗ ಅವರು ಒಮ್ಮೆ ಬಾಯಿ ಮುಚ್ಚಿದರೆ ಸಾಕೆನಿಸಿತು.

ಲಕ್ಕಿ ಚಿತ್ರ ನೋಡಿದಳು. ಮಾದೇವಿಯ ಹೊಸ ಸೀರೆ ನೋಡಿದಳು. ಮತ್ತೆ ಚಿತ್ರದ ಹರಕು ರವಿಕೆ ನೋಡಿದಳು. "ಚಂದ ಆಗ್ಯದೆ," ಎಂದು ಬಾಗಿಲ ಕಡೆ ನಡೆದಳು.

ಮಾದೇವಿ ಮಾಲಿನಿಯ ಹತ್ತಿರ ಬಂದು ದನಿ ತಗ್ಗಿಸಿದಳು. "ಅಕ್ಕೋರೆ, ಪೋಲ್ಕ ಹರದಿತ್ತು, ಖರೆ. ಆದ್ರೆ ನಾನು ಪಿನ್ನು ಹಾಕಂಡಿದ್ದೆ ಅಲ್ರಾ?"

ಮಾಲಿನಿಯ ಕಣ್ಣು ಚಿತ್ರದ ಹೆಗಲಿಗೆ ಹೋಯಿತು.

"ನೀವು ಬರೀತೆ ಅಂದ್ಮೇಲೆ ಬಳೇಲಿದ್ದ ಪಿನ್ನು ತೆಗ್ದು ಹಾಕಂಡೆ. ನಿಮ್ಮೆದ್ರಿಗೇ."

ಹೌದು, ಹಾಕಿಕೊಂಡಿದ್ದಳು. ಬಿಸಿಲಿಗೆ ಮಿನುಗುತ್ತಿದ್ದ ಆ ಪಿನ್ನನ್ನು ಮಾಲಿನಿ ಬರೆದೂ ಇದ್ದಳು. ಆಮೇಲೆ, ಹರಕು ಹರಕಾಗಿಯೇ ಕಂಡರೆ ನೋಡಿದವರ ಮನಸ್ಸಿಗೆ ತಟ್ಟುತ್ತದೆಂದು, ಅದರ ಮೇಲೆ ಬಣ್ಣ ಎಳೆದು ಅಳಿಸಿದ್ದಳು. "ಮನೆಗೆ ತಂದು ಸರಿ ಮಾಡ್ತೇನೆ ಮಾದೇವಿ," ಎಂದಳು. ತನ್ನ ಮಾತು ತನಗೇ ಹೇಸಿಗೆಯಾಯಿತು.

ಮಾದೇವಿ ಹೋಗಿ ಚಿತ್ರಕ್ಕೆ ಬೆನ್ನು ಕೊಟ್ಟು ನಿಂತಳು. ಅವಳ ಹೊಸ ಸೀರೆಯ ಸೆರಗು ಸರಿಯಾಗಿ ಆ ಹರಕಿಗೆ ಅಡ್ಡವಾಗಿತ್ತು.

"ಅಮ್ಮಾ, ಸ್ವಲ್ಪ ಸರೀರಿ, ಚಿತ್ರ ಕಾಣ್ತಿಲ್ಲ," ಕನ್ನಡಕದ ಅತಿಥಿ ಫೋನು ಎತ್ತಿ ಹಿಡಿದು ಹೇಳಿದರು.

ಮಾದೇವಿ ಅವರ ಕಡೆ ನೋಡಲೇ ಇಲ್ಲ. ಮಾಲಿನಿಯ ಮುಖವನ್ನೇ ನೋಡುತ್ತ ಕೇಳಿದಳು.

"ಸರೀಬೇಕಾ, ಅಕ್ಕೋರೆ?"