ಕೇಸರಿಬಾತಿನ ಜಾತಕ

ಮಗನೊಂದಿಗೆ ಹೆಣ್ಣು ನೋಡಲು ಹೊರಟ ವಿಶಾಲಮ್ಮ, ಎಲ್ಲ ಗಂಡಿನ ತಾಯಂದಿರಂತೆ, ಕೈಚೀಲದಲ್ಲಿ ಎಲೆಯಡಿಕೆಯ ಜೊತೆಗೆ ಗಾಜಿನೆಳೆಯ ಟಾರ್ಚನ್ನೂ ಇಟ್ಟುಕೊಂಡಿದ್ದರು. ಅದರ ಬೆಳಕು ಕಣ್ಣಿಗೆ ಕಾಣುವಂಥದ್ದಲ್ಲ. ಆದರೆ ಯಾವುದರ ಮೇಲೆ ಬಿದ್ದರೂ ಅದರ ಜಾತಕವನ್ನೆಲ್ಲ ಹಿಡಿಯ ಮೇಲಿನ ಪುಟ್ಟ ಪರದೆಗೆ ಬರೆದುಬಿಡುತ್ತಿತ್ತು.

ತುಮಕೂರಿನಲ್ಲೇ ಇದ್ದ ಹುಡುಗಿಯ ಮನೆಯಲ್ಲಿ ಉಪ್ಪಿಟ್ಟು, ಕೇಸರಿಬಾತಿನ ತಟ್ಟೆಗಳು ಬಂದವು.

"ಎಲ್ಲಾ ನಮ್ಮ ಹುಡುಗೀನೇ ಮಾಡಿದ್ದು," ಎಂದರು ಹುಡುಗಿ ಮಂದಾಕಿನಿಯ ತಾಯಿ.

ವಿಶಾಲಮ್ಮ ಕೇಸರಿಬಾತಿಗೆ ಟಾರ್ಚು ಹಿಡಿದು ಗಟ್ಟಿಯಾಗಿ ಓದಿದರು: "ರವೆ, ಸಕ್ಕರೆ, ತುಪ್ಪ, ಅನಾನಸು. ಬಾಣಲೆ ಮೂಲೆಮನೆ ಟಿಫಿನ್ ರೂಮಿಂದು. ಬೆಳಿಗ್ಗೆ ಏಳು ಗಂಟೆ!"

ಮಂದಾಕಿನಿಯ ತಾಯಿ ಸೆರಗಿನಿಂದ ಮುಖ ಒರೆಸಿಕೊಂಡರು. ಹುಡುಗ ಶ್ರೀಕಂಠ ಮಾತ್ರ ಮೆಲ್ಲಗೆ ತನ್ನ ಕೈಗಳನ್ನು ಬೆನ್ನ ಹಿಂದೆ ಸರಿಸಿದ. ಅವನು ದೊಡ್ಡ ಹೋಟೆಲಿನ ಮ್ಯಾನೇಜರ್ ಎಂದು ವಿಶಾಲಮ್ಮ ಆಗಷ್ಟೇ ಹೇಳಿಕೊಂಡಿದ್ದರು.

ಅವನು ಕೈ ಸರಿಸಿದ್ದು ಮಂದಾಕಿನಿಯ ಕಣ್ಣಿಗೆ ಬಿತ್ತು. "ಒಂದ್ನಿಮಿಷ ಕೊಡಿ ಅಮ್ಮಾ," ಎಂದು ವಿಶಾಲಮ್ಮನ ಕೈಯಿಂದ ಟಾರ್ಚು ತೆಗೆದುಕೊಂಡು ಅವನ ಬೆನ್ನ ಹಿಂದೆ ಹೋಗಿ ಬೆರಳುಗಳಿಗೆ ಹಿಡಿದಳು. ಅದೇ ರವೆ, ಅದೇ ತುಪ್ಪ, ಅದೇ ಬಾಣಲೆ, ಅದೇ ಏಳು ಗಂಟೆ.

"ನಮ್ಮಮ್ಮ ಹೇಳಿದ್ದು ಮುಕ್ಕಾಲು ನಿಜ," ಎಂದಳು ಮಂದಾಕಿನಿ. "ಹುಡುಗಿ ಅಲ್ಲ, ಹುಡುಗ ಮಾಡಿದ್ದು ಅಷ್ಟೆ."

ವಿಶಾಲಮ್ಮ ಟಾರ್ಚು ಕಿತ್ತುಕೊಂಡು ಚೀಲಕ್ಕೆ ತುರುಕಿದರು. ಶ್ರೀಕಂಠ ತಲೆ ತಗ್ಗಿಸಿ ಕೇಳಿದ, "ತುಪ್ಪ ಸಾಕಾಗಿತ್ತಾ?"

"ಸಾಕಾಗಿತ್ತು," ಎಂದಳು ಮಂದಾಕಿನಿ. "ಇನ್ಮೇಲೆ ಮನೇಲೇ ಮಾಡಿ."